ಗೆದ್ದೆತ್ತಿನ ಬಾಲ: ಚೀನಾ, ಪಶ್ಚಿಮ ಮತ್ತು ‘ಸಂಸ್ಕೃತಿ’ಯ ಮಾತು

ಕಳೆದ ತಿಂಗಳ ಒಂದು ಭಾನುವಾರ ಸಂಜೆ ಸಂಘದ ವಾಚನಾಲಯದಲ್ಲಿ ನಡೆದ ಮಾತುಕತೆಯಿಂದ ಈ ಲೇಖನ ಹುಟ್ಟಿಕೊಂಡಿತು. ನಾಟಕದ ತಾಲೀಮು ಮುಗಿಸಿ ಬಂದ ನಾಲ್ಕೈದು ಮಂದಿ ಯುವಕ ಯುವತಿಯರು ಚಹಾ ಕುಡಿಯುತ್ತ ಕುಳಿತಿದ್ದರು. ಎಲ್ಲರೂ ಈ ಮುಂಬಯಿಯಲ್ಲೇ ಹುಟ್ಟಿ ಬೆಳೆದವರು. ಕನ್ನಡವನ್ನು ಮನೆಯಲ್ಲಿ ಆಡಿ, ಸಂಘದಲ್ಲಿ ಓದಿ ಕಲಿತವರು. ಮಾತು ಅಮೆರಿಕ ಮತ್ತು ಚೀನಾಗಳ ಸುಂಕದ ಸಮರದ ಕಡೆ ಹೊರಳಿತು. ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗ ಬೇಸರದಿಂದ ಹೇಳಿದ: “ಅಂಕಲ್, ನಮ್ಮ ಬಾಸ್ ದಿನಾ ಒಂದೇ ಮಾತು ಹೇಳ್ತಾರೆ. ಚೀನಾದವರ ಹಾಗೆ ದುಡೀರಿ, ಇಲ್ಲದಿದ್ರೆ ಉದ್ಧಾರ ಆಗಲ್ಲ ಅಂತ. ಶಿಸ್ತು, ಹಿರಿಯರಿಗೆ ಎದುರಾಡದೇ ಇರೋದು, ಇದೆಲ್ಲ ಅವರ ಕಲ್ಚರಂತೆ. ನಮ್ಮ ರಕ್ತದಲ್ಲೇ ಅದಿಲ್ಲವಂತೆ.” ಪಕ್ಕದಲ್ಲಿದ್ದ ಹುಡುಗಿ ಒಪ್ಪಲಿಲ್ಲ. “ಅವರು ಬರೀ ಕಾಪಿ ಮಾಡೋರು ಕಣೋ. ಹೊಸದು ಹುಟ್ಟೋದು ಅಮೆರಿಕದಲ್ಲೇ. ಅವರ ಕಲ್ಚರ್‌ನಲ್ಲಿ ಸ್ವಾತಂತ್ರ್ಯ ಇದೆ” ಎಂದಳು.

ಇಬ್ಬರೂ ಬಂದು ತಲುಪಿದ್ದು ಬೇರೆ ಬೇರೆ ಕಡೆಗೆ. ಆದರೆ ಹಿಡಿದ ದಾರಿ ಒಂದೇ. ಒಂದು ದೇಶ ಏಳುವುದಕ್ಕೂ ಬೀಳುವುದಕ್ಕೂ ಅದರ ಸಂಸ್ಕೃತಿಯೇ ಕಾರಣ ಎಂಬ ದಾರಿ. ಅಂದು ನಾನು ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತೇನೆ.

ಲಕೋಟೆಯ ಮೇಲಿನ ವಿಳಾಸ

ಚೀನಾಕ್ಕೂ ಪಶ್ಚಿಮಕ್ಕೂ ಸಂಸ್ಕೃತಿಯಲ್ಲಿ ಭೇದವೇ ಇಲ್ಲವೆಂದು ಯಾರೂ ಹೇಳಲಾರರು. ಒಂದು ಲಕೋಟೆಯನ್ನೇ ನೋಡಿ. ಇಂಗ್ಲೆಂಡಿನವನು ವಿಳಾಸ ಬರೆಯುವಾಗ ಮೊದಲು ವ್ಯಕ್ತಿಯ ಹೆಸರು, ಆಮೇಲೆ ಮನೆ, ಬೀದಿ, ಊರು, ಕೊನೆಗೆ ದೇಶ. ಚೀನಾದವನು ಬರೆಯುವುದು ಇದರ ತದ್ವಿರುದ್ಧ: ಮೊದಲು ದೇಶ, ಪ್ರಾಂತ, ನಗರ, ಬೀದಿ, ಮನೆ, ಎಲ್ಲಕ್ಕಿಂತ ಕೊನೆಗೆ ವ್ಯಕ್ತಿ. ಹೆಸರಿನಲ್ಲೂ ಅಷ್ಟೇ, ವಂಶದ ಹೆಸರು ಮೊದಲು, ಸ್ವಂತ ಹೆಸರು ನಂತರ. ನಮಗೇನೂ ಇದು ವಿಚಿತ್ರವಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು ಮೊದಲು, ತಂದೆ ನಂತರ, ಕವಿ ಕೊನೆಗೆ. ಅರ್ಜಿಯ ‘ಸರ್‌ನೇಮ್’ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ತಬ್ಬಿಬ್ಬಾದ ಅನುಭವ ನಿಮ್ಮಲ್ಲಿ ಹಲವರಿಗೆ ಆಗಿರಬಹುದು.

ಇಂಥ ಭೇದಗಳ ಬೇರು ಕೂಡ ಎಷ್ಟೋ ಸಲ ನೆಲದಲ್ಲಿ, ದುಡಿಮೆಯಲ್ಲಿ ಇರುತ್ತದೆ. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಚೀನಾದೊಳಗೇ ಎರಡು ಸ್ವಭಾವಗಳನ್ನು ಗುರುತಿಸಿತು. ಭತ್ತ ಬೆಳೆಯುವ ದಕ್ಷಿಣದವರು ಪರಸ್ಪರ ಅವಲಂಬನೆಯ ಕಡೆ ವಾಲಿದರೆ, ಗೋಧಿ ಬೆಳೆಯುವ ಉತ್ತರದವರು ಅಷ್ಟಿಲ್ಲ. ಗದ್ದೆಗೆ ನೀರು ಹಾಯಿಸಲು ನೆರೆಯವನ ಸಹಕಾರ ಬೇಕೇ ಬೇಕು. ಗೋಧಿಗೆ ಮಳೆ ಸಾಕು ಎಂಬುದು ಆ ಸಂಶೋಧಕರ ವಿವರಣೆ. ಹಾಗಾದರೆ ‘ಚೀನೀ ಸಂಸ್ಕೃತಿ’ ಎಂದು ನಾವು ಒಂದೇ ಮೂಟೆ ಕಟ್ಟಿ ತೂಗುವುದಾದರೂ ಹೇಗೆ?

ಭೇದ ಇದೆ ಎನ್ನುವುದು ಒಂದು ಮಾತು. ಗೆಲುವು ಸೋಲುಗಳಿಗೆ ಅದೇ ಕಾರಣ ಎನ್ನುವುದು ಬೇರೆಯೇ ಮಾತು. ಈ ಎರಡನೆಯದರ ಚರಿತ್ರೆ ಬಹಳ ಸ್ವಾರಸ್ಯವಾಗಿದೆ.

ಚಹಾ, ಬೆಳ್ಳಿ, ಅಫೀಮು

1793ರಲ್ಲಿ ಬ್ರಿಟಿಷ್ ರಾಯಭಾರಿ ಲಾರ್ಡ್ ಮೆಕಾರ್ಟ್ನಿ ಗಡಿಯಾರ, ದುರ್ಬೀನು, ಗ್ರಹಮಂಡಲದ ಯಂತ್ರ ಮುಂತಾದ ಕಾಣಿಕೆಗಳನ್ನು ಹೊತ್ತು ಚಿಯಾನ್‌ಲಾಂಗ್ ಚಕ್ರವರ್ತಿಯ ದರ್ಶನಕ್ಕೆ ಹೋದ. ಮೂರು ಬಾರಿ ಮಂಡಿಯೂರಿ ಒಂಬತ್ತು ಬಾರಿ ಹಣೆಯನ್ನು ನೆಲಕ್ಕೆ ಮುಟ್ಟಿಸುವ ‘ಕೌಟೌ’ ಪದ್ಧತಿಗೆ ಅವನು ಒಪ್ಪಲಿಲ್ಲ. ತನ್ನ ದೊರೆಗೆ ಮಾಡುವಂತೆ ಒಂದು ಮಂಡಿಯೂರಿ ನಮಿಸಿದ. ಶಾಲೆಯ ಪುಸ್ತಕಗಳು ಈ ಪ್ರಸಂಗವನ್ನೇ ದೊಡ್ಡದು ಮಾಡಿ ಹೇಳುತ್ತವೆ. ಆದರೆ ಅವನು ಅಷ್ಟು ದೂರ ಬಂದದ್ದು ವ್ಯಾಪಾರಕ್ಕಾಗಿ. ವಿದೇಶೀಯರ ವ್ಯಾಪಾರವನ್ನು ಚೀನಾ 1757ರಿಂದ ಗ್ವಾಂಗ್‌ಝೌ, ಅಂದರೆ ಅಂದಿನ ಕ್ಯಾಂಟನ್ ಬಂದರೊಂದಕ್ಕೇ ಸೀಮಿತಗೊಳಿಸಿತ್ತು. ಬ್ರಿಟನ್ನಿಗೆ ಇನ್ನಷ್ಟು ಬಂದರುಗಳು ಬೇಕಿದ್ದವು. ನಿಮ್ಮ ಸರಕು ನಮಗೆ ಬೇಕಾಗಿಲ್ಲ ಎಂಬರ್ಥದ ಉತ್ತರ ಕೊಟ್ಟು ಚಕ್ರವರ್ತಿ ಅವನನ್ನು ಹಿಂದಕ್ಕೆ ಕಳಿಸಿದ.

ಬ್ರಿಟನ್ನಿನ ಕಷ್ಟ ಲೆಕ್ಕದ ಪುಸ್ತಕದಲ್ಲಿತ್ತು. ಅಲ್ಲಿನ ಜನಕ್ಕೆ ಚಹಾದ ಚಟ ಹತ್ತಿತ್ತು. ಚಹಾ ಸಿಗುತ್ತಿದ್ದದ್ದು ಚೀನಾದಲ್ಲಿ, ಅದಕ್ಕೆ ಚೀನಾ ಕೇಳುತ್ತಿದ್ದದ್ದು ಬೆಳ್ಳಿ. (ಉತ್ತರ ಕರ್ನಾಟಕದವರ ‘ಚಹಾ’, ಮೈಸೂರು ಕಡೆಯವರ ‘ಟೀ’ ಎರಡೂ ಚೀನಾದ ಮಾತುಗಳಿಂದಲೇ ಬಂದವು. ‘ಚಾ’ ಅಲ್ಲಿನ ಬಹುಪಾಲು ಕಡೆಯ ಮಾತು. ‘ತೆ’ ಎಂಬುದು ಫುಜಿಯಾನ್ ಕರಾವಳಿಯದು, ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋದದ್ದು.) ಹೋಗುತ್ತಿದ್ದ ಬೆಳ್ಳಿಯನ್ನು ಮರಳಿ ತರಲು ಸಿಕ್ಕ ಸರಕು ಅಫೀಮು. ಅದು ಬೆಳೆದದ್ದು ನಮ್ಮ ನೆಲದಲ್ಲಿ. ಬಿಹಾರ, ಬನಾರಸ್ ಕಡೆಯದು ಕಲ್ಕತ್ತೆಯಿಂದ ಹೋದರೆ, ಮಾಳವದ್ದು ಇದೇ ನಮ್ಮ ಮುಂಬಯಿ ಬಂದರಿನಿಂದ ಹಡಗು ಹತ್ತುತ್ತಿತ್ತು. ನಾವು ದಿನವೂ ಹಾದುಹೋಗುವ ಜೆ.ಜೆ. ಆಸ್ಪತ್ರೆಗೆ ಹೆಸರು ಕೊಟ್ಟ ಜಮ್ಶೇಟ್‌ಜಿ ಜೀಜೀಭಾಯ್ ಅವರ ಐಶ್ವರ್ಯದಲ್ಲೂ, ಸಸೂನ್ ಡಾಕಿನ ಸಸೂನ್ ಕುಟುಂಬದ ಐಶ್ವರ್ಯದಲ್ಲೂ ಹತ್ತಿಯ ಜತೆಗೆ ಚೀನಾಕ್ಕೆ ಹೋದ ಅಫೀಮಿನ ಪಾಲಿತ್ತು.

1830ರ ದಶಕದ ಕೊನೆಗೆ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ಚೀನಾಕ್ಕೆ ಹೋಗತೊಡಗಿತು. 1839ರಲ್ಲಿ ಲಿನ್ ಝೆಷು ಎಂಬ ಅಧಿಕಾರಿ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ವಶಪಡಿಸಿಕೊಂಡು ಹೂಮೆನ್ ಎಂಬಲ್ಲಿ ನಾಶ ಮಾಡಿಸಿದ. ಯುದ್ಧವಾಯಿತು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಚೀನಾ ಹಾಂಗ್‌ಕಾಂಗ್ ದ್ವೀಪವನ್ನು ಬಿಟ್ಟುಕೊಟ್ಟಿತು, ಐದು ಬಂದರುಗಳನ್ನು ತೆರೆಯಿತು, 2 ಕೋಟಿ 10 ಲಕ್ಷ ಬೆಳ್ಳಿ ಡಾಲರ್ ದಂಡ ತೆತ್ತಿತು.

ಈಗ ನೋಡಿ ತಮಾಷೆ. ಯುದ್ಧ ನಡೆಯುತ್ತಿದ್ದಾಗಲೇ, 1841ರಲ್ಲಿ, ಅಮೆರಿಕದ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಒಂದು ಉಪನ್ಯಾಸ ಕೊಟ್ಟರು. ಯುದ್ಧಕ್ಕೆ ಕಾರಣ ಅಫೀಮಲ್ಲ, ಕೌಟೌ ಎಂದು ವಾದಿಸಿದರು. ಚೀನಾ ಇತರ ದೇಶಗಳನ್ನು ಸರಿಸಮಾನವೆಂದು ಒಪ್ಪದ ಅಹಂಕಾರವೇ ಮೂಲ ಎಂದರು. ಬೆಳ್ಳಿಯ ಲೆಕ್ಕದ ಜಗಳಕ್ಕೆ ಸಂಸ್ಕೃತಿಯ ಜಗಳವೆಂದು ಹೆಸರಿಟ್ಟದ್ದು ಇಂದು ನಿನ್ನೆಯ ಕಥೆಯಲ್ಲ.

ದುಡಿಯುವುದೇ ತಪ್ಪಾದಾಗ

‘ಚೀನಾದವರ ಹಾಗೆ ದುಡೀರಿ’ ಎನ್ನುವ ಬಾಸ್‌ಗೆ ಅಮೆರಿಕದ ಹಳೆಯ ಕಥೆಯೊಂದನ್ನು ಹೇಳಬೇಕು. ಅಮೆರಿಕದ ಎರಡು ಅಂಚುಗಳನ್ನು ಜೋಡಿಸಿದ ರೈಲುಮಾರ್ಗ 1869ರ ಮೇ 10ರಂದು ಪೂರ್ಣಗೊಂಡಿತು. ಪಶ್ಚಿಮದ ಕಡೆಯಿಂದ ಸಿಯೆರಾ ನೆವಾಡಾ ಬೆಟ್ಟಗಳನ್ನು ಕೊರೆದು ಹಳಿ ಹಾಕಿದವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಚೀನೀ ಕೂಲಿಗಳಿದ್ದರು. ಕೆಲಸ ಮುಗಿದ ಮೇಲೆ, ಬಿಳಿಯ ಕಾರ್ಮಿಕರಿಗೆ ಕೆಲಸ ಕಡಿಮೆಯಾದಾಗ, ಅವರ ಮೇಲೆ ಬಂದ ಆರೋಪವೇನು ಗೊತ್ತೇ? ಇವರು ವಿಪರೀತ ದುಡಿಯುತ್ತಾರೆ, ಕಡಿಮೆ ಕೂಲಿಗೆ ಒಪ್ಪುತ್ತಾರೆ, ಅನ್ನ ತಿಂದು ದಿನ ದೂಡುತ್ತಾರೆ, ಇಂಥವರೊಡನೆ ಮಾಂಸ ತಿನ್ನುವ ನಮ್ಮವರು ಸ್ಪರ್ಧಿಸುವುದು ಹೇಗೆ ಎಂದು! ಅಲ್ಲಿನ ದೊಡ್ಡ ಕಾರ್ಮಿಕ ಒಕ್ಕೂಟವೊಂದು 20ನೇ ಶತಮಾನದ ಆರಂಭದಲ್ಲಿ ಇದನ್ನು ಮಾಂಸಕ್ಕೂ ಅನ್ನಕ್ಕೂ ನಡುವಿನ ಹೋರಾಟವೆಂದು ಕಿರುಹೊತ್ತಗೆಯನ್ನೇ ಅಚ್ಚು ಹಾಕಿಸಿತು. 1882ರಲ್ಲಿ ಚೀನೀ ಕಾರ್ಮಿಕರು ಅಮೆರಿಕಕ್ಕೆ ಬರುವುದನ್ನು ತಡೆಯುವ ಕಾಯ್ದೆ ಬಂತು. ಅದು ರದ್ದಾದದ್ದು 1943ರಲ್ಲಿ, ಮಹಾಯುದ್ಧದಲ್ಲಿ ಚೀನಾ ಅಮೆರಿಕದ ಮಿತ್ರಪಕ್ಷವಾಗಿದ್ದಾಗ. ಆಗಲೂ ವರ್ಷಕ್ಕೆ 105 ಮಂದಿಗಷ್ಟೇ ಅವಕಾಶ.

ಅದೇ ಮಿತವ್ಯಯ, ಅದೇ ದುಡಿಮೆ. ಬಿಳಿಯನ ಮನೆಯಲ್ಲಿದ್ದರೆ ಸದ್ಗುಣ, ಚೀನೀಯನ ಗುಡಿಸಲಲ್ಲಿದ್ದರೆ ದುರ್ಗುಣ!

ಕಾಪಿ ಮಾಡಿದವರು ಯಾರು?

ಇನ್ನು ‘ಕಾಪಿ ಮಾಡೋರು’ ಎಂಬ ಮಾತಿಗೆ ಬರೋಣ. ಚೀನಾದ ಕಂಪನಿಗಳು ಪರರ ತಂತ್ರಜ್ಞಾನವನ್ನು ನಕಲು ಮಾಡಿದ ದೂರುಗಳು ಸುಳ್ಳಲ್ಲ. ಆದರೆ ಅದು ಚೀನೀ ಸ್ವಭಾವವೇ? 1789ರಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ಎಂಬ ತರುಣ ಇಂಗ್ಲೆಂಡಿನ ನೂಲುವ ಯಂತ್ರದ ವಿವರವನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಅಮೆರಿಕಕ್ಕೆ ಹಡಗು ಹತ್ತಿದ. ಆ ಗುಟ್ಟನ್ನು ಹೊರದೇಶಕ್ಕೆ ಒಯ್ಯುವುದು ಇಂಗ್ಲೆಂಡಿನಲ್ಲಿ ಅಪರಾಧವಾಗಿತ್ತು. ಅವನನ್ನು ಅಮೆರಿಕದವರು ತಮ್ಮ ಕೈಗಾರಿಕಾ ಕ್ರಾಂತಿಯ ಪಿತಾಮಹನೆಂದು ಗೌರವಿಸುತ್ತಾರೆ. ಅವನ ಹುಟ್ಟೂರಿನವರು ದ್ರೋಹಿ ಎಂದು ಬೈದರು. ನಾನ್‌ಜಿಂಗ್ ಒಪ್ಪಂದವಾದ 1842ರಲ್ಲೇ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅಮೆರಿಕ ಪ್ರವಾಸ ಮಾಡಿ, ತನ್ನ ಪುಸ್ತಕಗಳನ್ನು ಅಲ್ಲಿನವರು ಕಾಸೂ ಕೊಡದೆ ಮುದ್ರಿಸಿ ಮಾರುತ್ತಿದ್ದಾರೆಂದು ದೂರಿದ. ವಿದೇಶೀ ಲೇಖಕರಿಗೆ ಅಮೆರಿಕ ಹಕ್ಕುಸ್ವಾಮ್ಯ ಕೊಟ್ಟದ್ದು 1891ರಲ್ಲಿ, ಅಂದರೆ ಅದಕ್ಕೆ ತನ್ನದೇ ಲೇಖಕರ ಬಳಗ ಬೆಳೆದ ಮೇಲೆ.

ಇನ್ನೊಂದು ಕಥೆ ನಾವು ದಿನವೂ ಕುಡಿಯುವ ಬಟ್ಟಲಿನಲ್ಲೇ ಇದೆ. 1848ರಲ್ಲಿ ರಾಬರ್ಟ್ ಫಾರ್ಚೂನ್ ಎಂಬ ಸಸ್ಯತಜ್ಞನನ್ನು ಈಸ್ಟ್ ಇಂಡಿಯಾ ಕಂಪನಿ ಚೀನಾಕ್ಕೆ ಕಳಿಸಿತು. ಅವನು ಚೀನೀ ವೇಷ ತೊಟ್ಟು, ವಿದೇಶೀಯರು ಹೋಗಬಾರದ ಒಳನಾಡಿಗೆ ನುಗ್ಗಿ, ಚಹಾ ಸಂಸ್ಕರಣೆಯ ಗುಟ್ಟು, ಸಾವಿರಾರು ಸಸಿ, ಬೀಜ, ಕೆಲಸಗಾರರನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ. ಕೈಗಾರಿಕಾ ಗೂಢಚರ್ಯೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಹಿಂದುಳಿದವನು ಮುಂದಿನವನನ್ನು ನಕಲು ಮಾಡುತ್ತಾನೆ. ಮುಂದೆ ಬಂದ ಮೇಲೆ ಬೇಲಿ ಹಾಕುತ್ತಾನೆ. ಇಂದು ವಿದ್ಯುತ್ ಕಾರುಗಳಲ್ಲಿ ಚೀನಾ ಎಷ್ಟು ಮುಂದೆ ಹೋಗಿದೆಯೆಂದರೆ, 2024ರ ಅಕ್ಟೋಬರಿನಲ್ಲಿ ಐರೋಪ್ಯ ಒಕ್ಕೂಟವೇ ಅವುಗಳ ಮೇಲೆ ಹೆಚ್ಚುವರಿ ಸುಂಕ ಹಾಕಬೇಕಾಯಿತು. ಬರೀ ನಕಲು ಮಾಡುವವನಿಗೆ ಯಾರೂ ಅಷ್ಟು ಹೆದರುವುದಿಲ್ಲ.

ಕನ್ಫ್ಯೂಷಿಯಸ್‌ನ ಏಳುಬೀಳು

ಈ ನೂರು ವರ್ಷಗಳಲ್ಲಿ ಅತಿ ಹೆಚ್ಚು ಬೈಗುಳ, ಅತಿ ಹೆಚ್ಚು ಹೊಗಳಿಕೆ ಎರಡನ್ನೂ ಒಂದೇ ಕಾರಣಕ್ಕೆ ಪಡೆದ ಮಹಾನುಭಾವನೆಂದರೆ ಕನ್ಫ್ಯೂಷಿಯಸ್. ಹಿರಿಯರಿಗೆ ವಿಧೇಯತೆ, ಕುಟುಂಬನಿಷ್ಠೆ, ವಿದ್ಯೆಗೆ ಗೌರವ ಇವು ಅವನ ಬೋಧೆಯ ಸಾರ. ಚೀನಾ ಬಡವಾಗಿದ್ದಾಗ, 1915ರಲ್ಲಿ, ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಆಧುನಿಕ ಬಂಡವಾಳಶಾಹಿ ಅಲ್ಲಿ ಹುಟ್ಟದಿರಲು ಕನ್ಫ್ಯೂಷಿಯನ್ ಮನೋಧರ್ಮವೂ ಮುಖ್ಯ ಕಾರಣವೆಂದು ಬರೆದರು. 1919ರ ಮೇ ನಾಲ್ಕರ ಚಳವಳಿಯ ಚೀನೀ ತರುಣರೂ ಅದನ್ನೇ ಹೇಳಿ ಅವನನ್ನು ಕೆಳಗಿಳಿಸಲು ಹೊರಟರು. 1973-74ರಲ್ಲಿ ಮಾವೋ ಸರ್ಕಾರ ಅವನ ವಿರುದ್ಧ ದೇಶವ್ಯಾಪಿ ಆಂದೋಲನವನ್ನೇ ನಡೆಸಿತು.

ಮುಂದೆ ತೈವಾನ್, ಹಾಂಗ್‌ಕಾಂಗ್, ಸಿಂಗಪುರ, ದಕ್ಷಿಣ ಕೊರಿಯಾಗಳು ಶ್ರೀಮಂತವಾದವು. ತಕ್ಷಣ ಅದೇ ವಿಧೇಯತೆ, ಅದೇ ಕುಟುಂಬನಿಷ್ಠೆ ಯಶಸ್ಸಿನ ಗುಟ್ಟಾಗಿಬಿಟ್ಟವು! ‘ಏಷ್ಯಾದ ಮೌಲ್ಯಗಳು’ ಎಂಬ ಮಾತು ಚಾಲ್ತಿಗೆ ಬಂತು. ಸಿಂಗಪುರವನ್ನು ಕಟ್ಟಿದ ಲೀ ಕ್ವಾನ್ ಯೂ 1994ರಲ್ಲಿ ‘ಫಾರಿನ್ ಅಫೇರ್ಸ್’ ಪತ್ರಿಕೆಗೆ ಕೊಟ್ಟ ಸಂದರ್ಶನ ‘ಸಂಸ್ಕೃತಿಯೇ ವಿಧಿ’ ಎಂಬ ತಲೆಬರಹದಲ್ಲಿ ಬಂತು. ಸಂದರ್ಶನ ಮಾಡಿದವರು ನಮ್ಮ ಮುಂಬಯಿಯಲ್ಲಿ ಹುಟ್ಟಿದ ಫರೀದ್ ಜಕಾರಿಯಾ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಕೊರಿಯಾದ ಕಿಮ್ ಡೇ-ಜುಂಗ್ ಉತ್ತರ ಬರೆದರು. ಸರ್ವಾಧಿಕಾರಿಗಳ ಕಾಲದಲ್ಲಿ ಸೆರೆಮನೆ, ಮರಣದಂಡನೆಯ ತೀರ್ಪು ಎರಡನ್ನೂ ಕಂಡು ಬಂದವರು ಅವರು. ಮುಂದೆ ತಮ್ಮ ದೇಶದ ಅಧ್ಯಕ್ಷರಾಗಿ 2000ದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಪ್ರಜಾಪ್ರಭುತ್ವದ ವಿಚಾರಗಳು ಏಷ್ಯಾದ ಪರಂಪರೆಯಲ್ಲೂ ಇವೆ, ಸಂಸ್ಕೃತಿಯನ್ನು ನೆಪ ಮಾಡಿ ಅವನ್ನು ನಿರಾಕರಿಸಬೇಡಿ ಎಂಬುದು ಅವರ ವಾದ.

ಮೂರೇ ವರ್ಷ. 1997ರ ಜುಲೈಯಲ್ಲಿ ಥಾಯ್ಲೆಂಡಿನ ಬಾತ್ ಕುಸಿದು ಪೂರ್ವ ಏಷ್ಯಾದ ಆರ್ಥಿಕತೆಗಳು ಒಂದರ ಹಿಂದೊಂದು ತತ್ತರಿಸಿದವು. ನಿನ್ನೆಯ ತನಕ ‘ಪರಸ್ಪರ ವಿಶ್ವಾಸ’ ಎನಿಸಿಕೊಂಡದ್ದು ಬೆಳಗಾಗುವುದರೊಳಗೆ ‘ಸ್ವಜನಪಕ್ಷಪಾತ’ವಾಯಿತು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದಾಗ ಮತ್ತೆ ತಕ್ಕಡಿ ಚೀನಾದ ಕಡೆ ವಾಲಿತು. ಗೆದ್ದೆತ್ತಿನ ಬಾಲ ಹಿಡಿಯುವುದು ಎಂದರೆ ಇದೇ. ಎತ್ತು ಗೆದ್ದ ಮೇಲೆ ಅದರ ಸುಳಿ ಶುಭವೆನ್ನುವುದು, ಸೋತ ಮೇಲೆ ಅದೇ ಸುಳಿ ಅಶುಭವೆನ್ನುವುದು.

ಹಾಗಾದರೆ ಬದಲಾದದ್ದೇನು?

ಆನ್ಹುಯಿ ಪ್ರಾಂತದ ಫೆಂಗ್‌ಯಾಂಗ್ ಜಿಲ್ಲೆಯಲ್ಲಿ ಷಿಯಾಓಗಾಂಗ್ ಎಂಬ ಪುಟ್ಟ ಹಳ್ಳಿ. 1959-61ರ ಭೀಕರ ಕ್ಷಾಮದಲ್ಲಿ ನಲುಗಿದ ಪ್ರದೇಶವದು. ಭಿಕ್ಷೆಗೆ ಹೊರಡುವವರ ಊರೆಂದು ಹೆಸರಾಗಿತ್ತು. ಭೂಮಿ ಕಮ್ಯೂನಿನದು, ಬೆಳೆ ಕಮ್ಯೂನಿನದು. ಹೆಚ್ಚು ದುಡಿದವನಿಗೂ ಕಡಿಮೆ ದುಡಿದವನಿಗೂ ಒಂದೇ ಪಾಲು. 1978ರ ಚಳಿಗಾಲದ ಒಂದು ರಾತ್ರಿ ಅಲ್ಲಿನ 18 ರೈತರು ಗುಟ್ಟಾಗಿ ಸೇರಿ ಒಂದು ಕರಾರುಪತ್ರ ಮಾಡಿಕೊಂಡರು. ಹೊಲಗಳನ್ನು ಮನೆಮನೆಗೆ ಹಂಚಿಕೊಳ್ಳುವುದು. ಸರ್ಕಾರದ ಪಾಲನ್ನು ಕೊಟ್ಟು ಉಳಿದದ್ದನ್ನು ತಾವು ಇಟ್ಟುಕೊಳ್ಳುವುದು. ಇದಕ್ಕಾಗಿ ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ತುಂಬುವ ತನಕ ಉಳಿದವರು ಸಾಕುವುದು. ಮರುವರ್ಷ ಬೆಳೆ ಹಲವು ಪಟ್ಟು ಹೆಚ್ಚಿತು. ಮುಂದೆ ಆ ಪದ್ಧತಿಯೇ ದೇಶದ ನೀತಿಯಾಯಿತು.

ಅದೇ ಊರು, ಅದೇ ಹೊಲ, ಅದೇ ಜನ, ಅದೇ ಕನ್ಫ್ಯೂಷಿಯಸ್. ಬದಲಾದದ್ದು ನಿಯಮ.

ವಿದ್ಯೆಯ ಕಥೆಯೂ ಹೀಗೇ. ಪರೀಕ್ಷೆಯ ಮೂಲಕ ಅಧಿಕಾರಿಗಳನ್ನು ಆರಿಸುವ ಪದ್ಧತಿ ಚೀನಾದಲ್ಲಿ ಸಾವಿರದ ಮುನ್ನೂರು ವರ್ಷ ನಡೆದು 1905ರಲ್ಲಿ ನಿಂತಿತು. 1855ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆ ತಂದ ಬ್ರಿಟಿಷರ ಮುಂದೆ ಚೀನಾದ ಈ ಮಾದರಿಯೂ ಇತ್ತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ಚೀನಾ ತನ್ನ ಕಾಲೇಜು ಪ್ರವೇಶ ಪರೀಕ್ಷೆಯನ್ನೂ ಮುಚ್ಚಿತು. 1977ರ ಡಿಸೆಂಬರಿನಲ್ಲಿ ಮತ್ತೆ ತೆರೆದಾಗ ಹೊಲ, ಕಾರ್ಖಾನೆಗಳಿಂದ ಎದ್ದುಬಂದ 57 ಲಕ್ಷ ಮಂದಿ ಬರೆದರು. ಸೀಟು ಸಿಕ್ಕಿದ್ದು ಸುಮಾರು 2 ಲಕ್ಷ 73 ಸಾವಿರ ಮಂದಿಗೆ. ವಿದ್ಯೆಯ ಹಸಿವು ಇದ್ದೇ ಇತ್ತು. ಅದಕ್ಕೆ ಬಾಗಿಲು ತೆರೆಯಬೇಕಿತ್ತು. ಸಂಸ್ಕೃತಿಗೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಬೀಜ ಒಳ್ಳೆಯದಿದ್ದರೆ ಸಾಲದು, ಮಳೆಯೂ ಬೇಕು ಎನ್ನುತ್ತಿದ್ದೇನೆ.

ಅನಂತರದ ಕಥೆ ನಿಮಗೆ ಗೊತ್ತಿರುವಂಥದೇ. 1980ರಲ್ಲಿ ಶೆನ್‌ಝೆನ್ ವಿಶೇಷ ಆರ್ಥಿಕ ವಲಯವಾಯಿತು. 2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. 2010ರಲ್ಲಿ ಜಪಾನನ್ನು ದಾಟಿ ಜಗತ್ತಿನ ಎರಡನೆಯ ದೊಡ್ಡ ಆರ್ಥಿಕತೆಯಾಯಿತು. ಈ ಏಳಿಗೆಯಲ್ಲಿ ಅಮೆರಿಕದ ಕಂಪನಿಗಳದೂ ಕೈಯಿತ್ತು. ಕಾರ್ಖಾನೆಗಳನ್ನು ಅಲ್ಲಿಗೆ ಒಯ್ದವು, ಲಾಭ ಗಳಿಸಿದವು. ಗ್ರಾಹಕರಿಗೆ ಅಗ್ಗದ ಸಾಮಾನು ಸಿಕ್ಕಿತು. ನಷ್ಟವಾದದ್ದು ಅಮೆರಿಕದ ಕಾರ್ಖಾನೆಯ ಊರುಗಳಿಗೆ. 1999ರಿಂದ 2011ರ ನಡುವೆ ಚೀನಾದ ಆಮದಿನಿಂದ ಅಲ್ಲಿ 20ರಿಂದ 24 ಲಕ್ಷ ಕೆಲಸಗಳು ಹೋದವೆಂದು ಅರ್ಥಶಾಸ್ತ್ರಜ್ಞರ ಅಂದಾಜು. ಆ ಊರುಗಳ ಸಿಟ್ಟೇ 2018ರ ಸುಂಕಗಳಿಗೆ ಬಲ ಕೊಟ್ಟಿತು. 2022ರಲ್ಲಿ ಚಿಪ್‌ಗಳ ಮೇಲೆ ನಿರ್ಬಂಧ ಬಂತು. 2025ರ ಏಪ್ರಿಲಿನಲ್ಲಿ ಅಮೆರಿಕ ಶೇಕಡ 145, ಚೀನಾ ಶೇಕಡ 125ರವರೆಗೆ ಸುಂಕ ಏರಿಸಿ, ಮೇ ತಿಂಗಳಲ್ಲಿ ಜಿನೀವಾದಲ್ಲಿ ಕುಳಿತು ಇಳಿಸಿಕೊಂಡವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. 1793ರಲ್ಲಿ ಬಾಗಿಲು ತೆರೆಯಿರಿ ಎಂದು ಬಡಿದವರು ಇಂದು ಒಳಗಿನಿಂದ ಅಗುಳಿ ಹಾಕುತ್ತಿದ್ದಾರೆ.

ಅಲ್ಲಿಯ ಯುವಕರು ಏನು ಹೇಳುತ್ತಾರೆ?

ಚೀನಾದವರ ರಕ್ತದಲ್ಲೇ ದುಡಿಮೆಯಿದೆ ಎನ್ನುವವರು ಅಲ್ಲಿಯ ಯುವಕರನ್ನು ಕೇಳಿಲ್ಲ. ಬೆಳಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ ದುಡಿಸುವ ‘996’ ಪದ್ಧತಿಯ ವಿರುದ್ಧ 2019ರಲ್ಲಿ ಅಲ್ಲಿಯ ಕಂಪ್ಯೂಟರ್ ತಂತ್ರಜ್ಞರೇ ದನಿಯೆತ್ತಿದರು. 2021ರ ಆಗಸ್ಟಿನಲ್ಲಿ ಚೀನಾದ ಸರ್ವೋಚ್ಚ ನ್ಯಾಯಾಲಯ ಅದು ಕಾನೂನುಬಾಹಿರವೆಂದು ಸ್ಪಷ್ಟಪಡಿಸಿತು. ಅದೇ ವರ್ಷ ‘ತಾಂಗ್ ಪಿಂಗ್’, ಅಂದರೆ ಸುಮ್ಮನೆ ಮಲಗಿಬಿಡುವುದು, ಎಂಬ ಮಾತು ಅಲ್ಲಿಯ ತರುಣರಲ್ಲಿ ಹಬ್ಬಿತು. 2023ರ ಜೂನಿನಲ್ಲಿ ನಗರಗಳ ಯುವಕರಲ್ಲಿ ನಿರುದ್ಯೋಗ ಶೇಕಡ 21.3 ತಲುಪಿದಾಗ ಸರ್ಕಾರ ಕೆಲಕಾಲ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿತು. ಅತ್ತ ಅಮೆರಿಕದ ಯುವಕರೂ 2022ರ ಹೊತ್ತಿಗೆ, ಸಂಬಳಕ್ಕೆ ತಕ್ಕಷ್ಟೇ ಕೆಲಸ, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಿಲ್ಲ ಎನ್ನತೊಡಗಿದ್ದರು. ಕನ್ಫ್ಯೂಷಿಯಸ್‌ನ ಮೊಮ್ಮಕ್ಕಳೂ ಸ್ವಾತಂತ್ರ್ಯದೇವಿಯ ಮೊಮ್ಮಕ್ಕಳೂ ಹೇಳುತ್ತಿರುವುದು ಹೆಚ್ಚುಕಡಿಮೆ ಒಂದೇ.

ಇದು ನಮಗೇಕೆ ಬೇಕು?

ಏಕೆಂದರೆ ಇದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಿದ್ದಾರೆ. ಭಾರತದ ಬೆಳವಣಿಗೆ ನಿಧಾನವಾಗಿದ್ದಾಗ, 1970ರ ದಶಕದಲ್ಲಿ, ನಮ್ಮದೇ ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ ಅವರು ‘ಹಿಂದೂ ಬೆಳವಣಿಗೆ ದರ’ ಎಂಬ ಹೆಸರಿಟ್ಟರು. ಕರ್ಮಸಿದ್ಧಾಂತ ನಂಬುವವರಿಗೆ ಇಷ್ಟೇ ಎಂದು ಹಲವರು ಅದಕ್ಕೆ ವ್ಯಾಖ್ಯಾನ ಕೊಟ್ಟರು. 1991ರ ನಂತರ ನೀತಿ ಬದಲಾಯಿತು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಹೆಸರಾದವು. ಆಗ ಅದೇ ಪರಂಪರೆಯನ್ನು ತೋರಿಸಿ, ಸೊನ್ನೆ ಕಂಡುಹಿಡಿದವರಲ್ಲವೇ ಎಂದರು!

‘ಕನ್ನಡಿಗರಿಗೆ ವ್ಯಾಪಾರ ಹತ್ತುವುದಿಲ್ಲ’ ಎಂಬ ಮಾತನ್ನು ನಾನು ಈ ನಗರದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳಿದವರು ಅದನ್ನು ಬಹುಶಃ ಉಡುಪಿ ಹೋಟೆಲಿನಲ್ಲಿ ಕುಳಿತು ಇಡ್ಲಿ ತಿನ್ನುತ್ತಲೇ ಹೇಳಿದ್ದಾರು. ಅವಿಭಜಿತ ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಬಟ್ಟಲು ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಹೋಟೆಲ್ ಮಾಲೀಕರಾದರು, ವಕೀಲರಾದರು, ಬ್ಯಾಂಕು ಸೇರಿದರು. ಅವರ ರಕ್ತ ಬೇರೆಯಿರಲಿಲ್ಲ. ಮೊದಲು ಬಂದವರು ನಂತರ ಬಂದವರಿಗೆ ಮಲಗಲು ಜಾಗ ಕೊಟ್ಟರು. ಕಲಿಯಲು ಒಂದು ಶಾಲೆ ತೆರೆದಿತ್ತು. ದುಡಿದದ್ದಕ್ಕೆ ಫಲ ಕೈಗೆ ಸಿಗುತ್ತಿತ್ತು.

ಆದ್ದರಿಂದ ಯುವ ಮಿತ್ರರೇ, ಯಾರಾದರೂ ‘ಅದು ಅವರ ಕಲ್ಚರ್’ ಅಥವಾ ‘ಇದು ನಿಮ್ಮ ಕಲ್ಚರ್‌ನಲ್ಲಿಲ್ಲ’ ಎಂದಾಗ ಮೂರು ಪ್ರಶ್ನೆ ಕೇಳಿ. ಆಗ ಅಲ್ಲಿ ನಿಯಮ ಏನಿತ್ತು? ದುಡಿಮೆಯ ಲಾಭ ಯಾರ ಕೈ ಸೇರುತ್ತಿತ್ತು? ಇಪ್ಪತ್ತು ವರ್ಷ ಹಿಂದೆ ಇದೇ ಗುಣವನ್ನು ಜನ ಏನೆಂದು ಕರೆಯುತ್ತಿದ್ದರು? ಹೀಗೆ ಕೇಳುವವನು ಚೀನಾವನ್ನು ದೇವರೂ ಮಾಡುವುದಿಲ್ಲ, ದೆವ್ವವೂ ಮಾಡುವುದಿಲ್ಲ. ತನ್ನನ್ನು ತಾನು ಹೀಗಳೆದುಕೊಳ್ಳುವುದೂ ಇಲ್ಲ.

ಬಾಸ್‌ನ ಮಾತಿಗೆ ನೊಂದ ಆ ಹುಡುಗನಿಗೆ ಇಷ್ಟು ಹೇಳಬೇಕೆನಿಸಿತ್ತು. ಒಪ್ಪದಿದ್ದವರು ಬರುವ ಭಾನುವಾರ ವಾಚನಾಲಯಕ್ಕೆ ಬರಲಿ, ಜಗಳವಾಡೋಣ. ಚಹಾ ನನ್ನ ಲೆಕ್ಕದಲ್ಲಿ.